ಹೊಲಿಯಬಾರದ ಖಣ

ನಮ್ಮ ಅತ್ತೆ ಆರು ತಿಂಗಳ ವೀಸಾದ ಮೇಲೆ ಇಂಗ್ಲೆಂಡಿಗೆ ಬಂದಾಗ ಎರಡು ಸೂಟ್‌ಕೇಸ್ ತಂದಿದ್ದರು. ಒಂದರಲ್ಲಿ ಅವರ ಸೀರೆ, ಶೇಂಗಾ ಚಟ್ನಿಪುಡಿ, ಜೋಳದ ಹಿಟ್ಟು. ಇನ್ನೊಂದರಲ್ಲಿ ಬರೀ ಖಣ. ಖಣ ಎಂದರೆ ಕುಪ್ಪಸದ ಬಟ್ಟೆ. ನಾವು ಮೈಸೂರಿನವರು ಬ್ಲೌಸ್ ಪೀಸ್ ಎಂದು ಎರಡು ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಹುಬ್ಬಳ್ಳಿಯ ಅತ್ತೆಗೆ ಅದು ಅಷ್ಟು ಸುಲಭಕ್ಕೆ ಮುಗಿಯುವ ವಿಷಯವಾಗಿರಲಿಲ್ಲ. ಮನೆಗೆ ಬಂದ ಮುತ್ತೈದೆಯನ್ನು ಉಡಿ ತುಂಬದೆ ಕಳಿಸಬಾರದು. ಖಣ, ತೆಂಗಿನಕಾಯಿ, ಅಕ್ಕಿ, ಎಲೆ, ಅಡಿಕೆ ಎಲ್ಲವೂ ಅವಳ ಸೆರಗಿಗೆ ಬೀಳಬೇಕು. ನಾವಿರುವ ಈ ಬರ್ಚ್‌ವುಡ್‌ನಲ್ಲಿ ಇಷ್ಟೊಂದು ಮುತ್ತೈದೆಯರು ಎಲ್ಲಿಂದ ಬರಬೇಕು ಅತ್ತೆ, ಇಲ್ಲಿರುವುದು ಬರೀ ಆಫೀಸುಗಳು ಎಂದು ನಾನು ಕೇಳಿದೆ. “ಬರ್ತಾರ,” ಅಂದರು. ಬಂದರು. ಮಗು ನೋಡಲು ಎಂದು ಬಂದರು, ಅತ್ತೆಯನ್ನು ನೋಡಲು ಎಂದು ಬಂದರು, ಎಮ್ ಸಿಕ್ಸ್ ರಸ್ತೆಯಲ್ಲಿ ಟ್ರಾಫಿಕ್ ಜಾಮ್ ಇದೆ ಎಂದೂ ಬಂದರು. ಜುಲೈ ಮುಗಿಯುವಷ್ಟರಲ್ಲಿ ಸೂಟ್‌ಕೇಸ್ ಖಾಲಿ.

ಖಣದ ಬಗ್ಗೆ ಒಂದು ಕಾನೂನಿದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರೂ ಪಾಲಿಸುತ್ತಾರೆ. ಕೊಟ್ಟಾಗ ಬೇಡ ಅನ್ನಬಾರದು. ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳಬೇಕು. ಕಪಾಟಿನಲ್ಲಿಡಬೇಕು. ಮುಂದಿನ ಹಬ್ಬಕ್ಕೆ ಇನ್ನೊಬ್ಬಳಿಗೆ ಕೊಡಬೇಕು. ಹೊಲಿಸಬಾರದು. ಹೊಲಿಸಿದರೆ ಪಾಪ ಬರುತ್ತದೆ ಎಂದಲ್ಲ, ಹೊಲಿಸಿದವರನ್ನು ಯಾರೂ ಕಂಡಿಲ್ಲ ಅಷ್ಟೇ. ನಾನೇ ಒಮ್ಮೆ ಯಾರಿಗೋ ಕೊಟ್ಟಿದ್ದ ಗಿಳಿಹಸಿರು ಬಟ್ಟೆ ವರ್ಷಗಳ ಮೇಲೆ ಕೋವೆಂಟ್ರಿಯ ಒಂದು ಮನೆಯಲ್ಲಿ ನನ್ನ ಮಡಿಲಿಗೇ ಬಂದು ಬಿತ್ತು. ಇಂಗ್ಲೆಂಡನ್ನು ಅದು ನನಗಿಂತ ಹೆಚ್ಚು ನೋಡಿತ್ತು. ಚೆನ್ನಾಗಿದೆ ಎಂದು ಹೊಗಳಿ, ಮನೆಗೆ ತಂದು, ಮುಂದೆ ಕಳಿಸಿದೆ.

ಆಗ ನಮ್ಮ ಪಕ್ಕದ ಮನೆಯಲ್ಲಿದ್ದವಳು ಫಿಲಿಪ್ಪೀನ್ಸಿನ ಒಬ್ಬ ನರ್ಸ್. ಎರಡು ಸಾವಿರದ ಇಸವಿಯ ನಂತರ ಇಲ್ಲಿನ ಆಸ್ಪತ್ರೆಗಳು ಅವರನ್ನು ವಿಮಾನ ತುಂಬಾ ಕರೆಸಿಕೊಂಡವಲ್ಲ, ಆ ಕಾಲ. ನಲವತ್ತರ ಆಸುಪಾಸಿನವಳು, ಕುಳ್ಳಗೆ, ದುಂಡಗೆ; ಮದುವೆಯಾಗಿರಲಿಲ್ಲ. ಅವರ ದೇಶದ ಉತ್ತರದ ತುದಿಯಲ್ಲಿ ಇಲೋಕೋಸ್ ಎಂಬ ಸೀಮೆಯಲ್ಲಿ ಅವಳ ಅಮ್ಮ ಒಬ್ಬಳೇ ಇದ್ದಳು. ಮನೆಯ ಕೆಳಗೇ ಮರದ ಮಗ್ಗ ಹಾಕಿಕೊಂಡು ನೇಯುತ್ತಿದ್ದಳು. ಮಗಳಿಗೆ ಕಾಗದ ಬರೆಯುವ ಅಭ್ಯಾಸ ಆ ಅಮ್ಮನಿಗಿರಲಿಲ್ಲ, ಆಗಾಗ ಒಂದು ಬಟ್ಟೆ ಕಳಿಸುತ್ತಿದ್ದಳು. ಮಗಳು ಅದನ್ನು ವಾರ್ಡಿನ ಸಿಸ್ಟರ್‌ಗೆ, ಮನೆ ಮಾಲೀಕಳಿಗೆ, ತನ್ನ ನೈಟ್ ಡ್ಯೂಟಿ ಬದಲಾಯಿಸಿಕೊಂಡವರಿಗೆ ಎಂದು ಕೊಟ್ಟುಬಿಡುತ್ತಿದ್ದಳು. ಅಮ್ಮ ಇನ್ನೊಂದು ನೇಯುತ್ತಾಳೆ, ಅದಕ್ಕೇನಂತೆ ಎಂಬ ಧೈರ್ಯ.

ನನ್ನ ಮಗಳು ಹುಟ್ಟಿದಾಗ ನನಗೂ ಒಂದು ಬಂತು. ಕೆಂಪು ಬಿಳಿ ಚೌಕಗಳು. ನಡುವಿಗೆ ಬರಬರುತ್ತಾ ಕಿರಿದಾಗಿ, ಸೊಟ್ಟಗಾಗಿ, ನೋಡುತ್ತಿದ್ದರೆ ಇಡೀ ಬಟ್ಟೆ ಗಿರಗಿರ ಸುತ್ತಿದಂತಾಗುತ್ತಿತ್ತು. ಅದು ಸುಂಟರಗಾಳಿಯ ವಿನ್ಯಾಸವಂತೆ. ಮಗುವಿನ ಹತ್ತಿರ ಬರುವ ಪೀಡೆ ಪಿಶಾಚಿಗೆ ಅದನ್ನು ಕಂಡು ತಲೆ ತಿರುಗಿ ದಾರಿ ತಪ್ಪುತ್ತದಂತೆ, ಮಗುವಿನ ಕೆಳಗೆ ಹಾಸು ಅಂದಳು. ಅಷ್ಟು ಚಂದದ ಬಟ್ಟೆಯ ಮೇಲೆ ಮಗು ಉಚ್ಚೆ ಹೊಯ್ಯುವುದು ನನಗೆ ಸರಿಕಾಣಲಿಲ್ಲ. ಮಡಚಿ ಕಪಾಟಿನಲ್ಲಿಟ್ಟೆ.

ಸೆಪ್ಟೆಂಬರಿನಲ್ಲಿ ಅವಳ ಅಮ್ಮ ತೀರಿಕೊಂಡಳು. ನಮಗೆ ಗೊತ್ತಾದದ್ದು ಅವಳು ಡ್ಯೂಟಿಗೆ ಹೋಗಿಬಂದ ಮೇಲೆ. ಊರಿಗೆ ಹೋಗಲಿಲ್ಲ, ಕೆಲಸ ಹೊಸದು, ಪಾಸ್‌ಪೋರ್ಟು ವೀಸಾ ಕಚೇರಿಯಲ್ಲಿ ಕೂತಿತ್ತು, ಅದು ಬರುವವರೆಗೆ ಹೆಣ ಕಾಯುವುದಿಲ್ಲ. ಅತ್ತೆಗೆ ಇಂಗ್ಲಿಷ್ ಬಾರದು, ಅವಳಿಗೆ ಕನ್ನಡ ಬಾರದು. ಅತ್ತೆ ಅನ್ನ, ಸಾರು ತೆಗೆದುಕೊಂಡು ಪಕ್ಕದ ಮನೆಗೆ ಹೋಗಿ, ಅವಳು ಉಣ್ಣುವವರೆಗೂ ಎದುರಿಗೆ ಕೂತು, ಪಾತ್ರೆ ತೊಳೆದುಕೊಂಡು ಬರುತ್ತಿದ್ದರು. ನಾನು ಹೋದಾಗಲೆಲ್ಲ ಏನು ಮಾತಾಡಬೇಕೆಂದು ತಿಳಿಯದೆ ಬಾಯ್ಲರ್ ಬಗ್ಗೆ ಮಾತಾಡಿ ಬರುತ್ತಿದ್ದೆ.

ನವೆಂಬರಿನ ಒಂದು ಸಂಜೆ ಅವಳು ನಮ್ಮ ಬಾಗಿಲಿಗೆ ಬಂದಳು. ಶನಿವಾರ ಮ್ಯಾಂಚೆಸ್ಟರಿನಲ್ಲಿ ಅವರ ಜನರೆಲ್ಲ ಸೇರಿ ಕೈಮಗ್ಗದ ಬಟ್ಟೆ ಮತ್ತು ಕರಕುಶಲ ವಸ್ತುಗಳ ಒಂದು ಮೇಳ ಇಟ್ಟಿದ್ದಾರೆ, ಒಂದೊಂದು ಸೀಮೆಗೆ ಒಂದೊಂದು ಮೇಜು, ಇಲೋಕೋಸಿನ ಮೇಜು ತನ್ನದು ಅಂದಳು. ಆಮೇಲೆ ಹೊಸ್ತಿಲಲ್ಲೇ ನಿಂತು ಬಹಳ ಸಂಕೋಚದಿಂದ, “ಮಗುವಿಗೆ ಕೊಟ್ಟಿದ್ದ ಬಟ್ಟೆಯನ್ನು ಒಂದು ದಿನದ ಮಟ್ಟಿಗೆ ಕೊಡುತ್ತೀಯಾ? ವಾಪಸ್ ಕೇಳುತ್ತಿಲ್ಲ. ಅಮ್ಮನ ಕೈಯದ್ದು ನನ್ನ ಹತ್ತಿರ ಒಂದೂ ಇಲ್ಲ. ಎಲ್ಲ ಕೊಟ್ಟುಬಿಟ್ಟೆ,” ಎಂದಳು.

ಅದಕ್ಕೇನು, ಈಗಲೇ ತರುತ್ತೇನೆ ಎಂದು ಮೇಲೆ ಹೋದೆ. ಕಪಾಟಿನಲ್ಲಿರಲಿಲ್ಲ. ಕೆಳಗೆ ಬಂದು, ಇಸ್ತ್ರಿ ಮಾಡಿ ಕೊಡುತ್ತೇನೆ ಎಂದು ಸುಳ್ಳು ಹೇಳಿ ಅವಳನ್ನು ಕಳಿಸಿ, ಅಡಿಗೆಮನೆಗೆ ಹೋದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು.

“ಅದನ್ನ ಲೆಮಿಂಗ್ಟನ್ನಿನಾಕಿಗೆ ಉಡಿ ತುಂಬಿ ಕೊಟ್ಟೆನಲ್ಲ, ಶ್ರಾವಣದಾಗ,” ಅಂದರು. “ಖಣ ತೀರಿದ್ವು.”

“ಅತ್ತೆ, ಅದು ಖಣ ಅಲ್ಲ!”

“ಖಣದ ಅಳತಿ ಇತ್ತು, ಖಣದಂಗ ಮಡಚಿತ್ತು, ಖಣದ ಕಪಾಟಿನ್ಯಾಗಿತ್ತು. ಇನ್ನ ಖಣ ಅಲ್ದ ಏನಂತೀ? ಕರೀದು ಇದ್ದಿದ್ರ ಮುಟ್ತಿದ್ದಿಲ್ಲ. ಕೆಂಪಿತ್ತು, ಕೊಟ್ಟೆ.”

“ಅದು ಅವಳ ಅಮ್ಮ ನೇಯ್ದದ್ದು. ಇದ್ದದ್ದು ಅದೊಂದೇ.”

ರೊಟ್ಟಿ ಬಡಿಯುವ ಸದ್ದು ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಅತ್ತೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, “ಫೋನ್ ಹಚ್ಚು,” ಅಂದರು.

ಲೆಮಿಂಗ್ಟನ್ ಸ್ಪಾದಲ್ಲಿದ್ದಾಕೆ ಬೆಂಗಳೂರಿನವಳು, ಗಂಡ ವಿಡಿಯೋ ಗೇಮ್ ಮಾಡುವ ಕಂಪನಿಯಲ್ಲಿದ್ದ. “ಅಯ್ಯೋ, ಆ ಪೀಸಾ? ಸ್ಟಿಚ್ ಮಾಡಿಸ್ಕೋಬೇಕು ಅಂತ ಎತ್ತಿಟ್ಟಿದೀನಿ ಕಣ್ರೀ,” ಎಂದಳು. ಈ ಮಾತಿಗೆ ಕನ್ನಡದಲ್ಲಿ ಒಂದೇ ಅರ್ಥ: ಅದು ಮನೆಯಲ್ಲಿಲ್ಲ. ಆದರೆ ಹಾಗೆಂದು ಅವಳ ಬಾಯಲ್ಲಿ ಹೇಳಿಸಬೇಕಲ್ಲ. ನಾನು ಮಗುವಿನ ಹಲ್ಲಿನ ಬಗ್ಗೆ, ಅವರ ಮಾರ್ಟ್‌ಗೇಜ್ ಬಗ್ಗೆ, ಕೌನ್ಸಿಲ್ ಟ್ಯಾಕ್ಸ್ ಬಗ್ಗೆ ಮಾತಾಡಿ, ಸುತ್ತಿ ಬಳಸಿ ಮತ್ತೆ ಬಟ್ಟೆಗೆ ಬಂದೆ. ಗೌರಿ ಹಬ್ಬಕ್ಕೆ ಬರ್ಮಿಂಗ್‌ಹ್ಯಾಮಿನ ಡಾಕ್ಟರ ಹೆಂಡತಿಗೆ ಕೊಟ್ಟಿದ್ದನ್ನು ಅವಳು ಒಪ್ಪಿಕೊಂಡಳು, ಅದೂ ಪಕ್ಕದ ಮನೆಯವಳ ಅಮ್ಮ ಸತ್ತ ವಿಷಯ ಹೇಳಿದ ಮೇಲೆ. ಡಾಕ್ಟರ ಹೆಂಡತಿಗೆ ಇಂಥ ಬಿಗುಮಾನವಿರಲಿಲ್ಲ. “ನನಗ ಅದನ್ನ ನೋಡಿದ್ರ ತಲಿಸೂಲಿ ಬರ್ತಿತ್ತು, ದಸರಾದಾಗ ಲೀಡ್ಸಿನಿಂದ ಹೊಸ ಹುಡುಗಿ ಬಂದಿದ್ಲು, ಅಕಿಗೆ ದಾಟ್ಸಿದೆ,” ಎಂದು ಫೋನ್ ನಂಬರನ್ನೂ ಕೊಟ್ಟರು.

ಲೀಡ್ಸಿನ ಹುಡುಗಿ ದಾವಣಗೆರೆಯವಳು, ಮದುವೆಯಾಗಿ ಬೇಸಿಗೆಯಲ್ಲಿ ಬಂದವಳು. ಫೋನ್ ಎತ್ತಿದ ಕೂಡಲೇ ಕನ್ನಡ ಕೇಳಿ ಎಷ್ಟು ಖುಷಿಪಟ್ಟಳೆಂದರೆ ನಾನು ಯಾರೆಂದು ಕೇಳುವುದನ್ನೇ ಮರೆತಳು. “ಇದೆ ಅಕ್ಕಾ! ನನ್ನ ಹತ್ರಾನೇ ಇದೆ. ತುಂಬಾ ಇಷ್ಟ ನಂಗೆ ಅದು,” ಎಂದಳು. ಮೇಳದ ವಿಷಯ ಹೇಳಿದೆ. ಗಂಡನಿಗೆ ಶನಿವಾರವೂ ಕೆಲಸ, ತಾನು ಮನೆಯಲ್ಲಿ ಒಬ್ಬಳೇ ಗೋಡೆ ನೋಡಿಕೊಂಡಿರುವುದು, ಟ್ರೇನ್ ಹಿಡಿದು ತಾನೇ ತರುತ್ತೇನೆ ಎಂದಳು. ಫೋನ್ ಇಟ್ಟು ನಾನು ಅತ್ತೆಯನ್ನು ನೋಡಿದೆ. “ನೋಡಿದೇನ?” ಅಂದರು ಅತ್ತೆ. “ಖಣ ಎಲ್ಲೂ ಹೋಗಂಗಿಲ್ಲ.” ನಾನು ಪಕ್ಕದ ಮನೆಗೆ ಹೋಗಿ, ಇಸ್ತ್ರಿ ಆಗಿದೆ, ಶನಿವಾರ ಅಲ್ಲಿಗೇ ತರುತ್ತೇನೆ ಎಂದು ಹೇಳಿ ಬಂದೆ.

ಮೇಳ ಇದ್ದದ್ದು ಮ್ಯಾಂಚೆಸ್ಟರಿನ ಫಾಲೋಫೀಲ್ಡ್‌ನ ಒಂದು ಚರ್ಚಿನ ಹಾಲಿನಲ್ಲಿ. ನನ್ನ ಗಂಡ ಮಗುವನ್ನೆತ್ತಿಕೊಂಡು ನಮ್ಮ ಹಿಂದೆ ಬಂದ. ಹೊರಗೆ ವಿಲ್ಮ್‌ಸ್ಲೋ ರೋಡಿನಲ್ಲಿ ಹಿಂದಿನ ರಾತ್ರಿಯ ನಶೆ ಇಳಿಯದ ವಿದ್ಯಾರ್ಥಿಗಳು ಬಸ್ಸಿಗೆ ಕಾಯುತ್ತಿದ್ದರು. ಒಳಗೆ ಇಡೀ ಫಿಲಿಪ್ಪೀನ್ಸನ್ನು ಮೇಜುಗಳ ಮೇಲೆ ಹರವಿದ್ದರು. ಬಾಗಿಲ ಹತ್ತಿರವೇ ಮನುಷ್ಯನ ಎತ್ತರದ ಮರದ ಚಮಚ ಮತ್ತು ಫೋರ್ಕು. ಪ್ರತಿ ಫಿಲಿಪಿನೋ ಮನೆಯ ಊಟದ ಕೋಣೆಯಲ್ಲೂ ಇವು ಗೋಡೆಗೆ ತೂಗಬೇಕಂತೆ, ಯಾಕೆಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಖಣದ ನಾಡಿನಿಂದ ಬಂದ ನಾವು ಹೆಚ್ಚು ಕೇಳಲಿಲ್ಲ. ಬೆತ್ತದ ಬುಟ್ಟಿಗಳಿದ್ದವು, ಚಿಪ್ಪಿನ ದೀಪಗಳಿದ್ದವು, ಬಾಳೆಯ ಜಾತಿಯ ಯಾವುದೋ ಗಿಡದ ನಾರಿನಿಂದ ನೇಯ್ದ ಕಂದು ಬಣ್ಣದ ಒರಟು ಬಟ್ಟೆ ಇತ್ತು. ಆ ಬಟ್ಟೆಯ ವಿನ್ಯಾಸಗಳು ನೇಕಾರ್ತಿಯರಿಗೆ ಕನಸಿನಲ್ಲಿ ಬರುತ್ತವೆ ಎಂದು ಒಂದು ಚೀಟಿಯಲ್ಲಿ ಬರೆದಿತ್ತು. ನನಗೆ ಕನಸಿನಲ್ಲಿ ಬರುತ್ತಿದ್ದದ್ದು ಪರೀಕ್ಷೆಗೆ ತಡವಾಗುವುದು ಮಾತ್ರ.

ಅತ್ತೆ ಇಳಕಲ್ ಸೀರೆಯ ಮೇಲೆ ನನ್ನ ಗಂಡನ ಹಳೆಯ ಜಾಕೆಟ್ ಹಾಕಿಕೊಂಡು, ಪ್ರತಿ ಬಟ್ಟೆಯನ್ನೂ ಮೊದಲು ಹಿಂಬದಿ ತಿರುಗಿಸಿ, ಆಮೇಲೆ ಮುಂಬದಿ ನೋಡುತ್ತಾ ಹೊರಟರು. ಅನಾನಸ್ ಎಲೆಯ ನಾರಿನಿಂದ ಮಾಡಿದ ಒಂದು ಅಂಗಿ, ಗಾಳಿಯನ್ನೇ ಹೊಲಿದಷ್ಟು ತೆಳ್ಳಗಿತ್ತು. ಅದು ಏನೆಂದು ನಾನು ಓದಿ ಹೇಳಿದಾಗ ಬಹಳ ಹೊತ್ತು ಹಿಡಿದು ನಿಂತರು. “ನಾವು ಹಣ್ಣು ತಿಂದು ಎಲಿ ಒಗದ್ವಿ,” ಅಂದರು. ಜೀವಮಾನದ ನಷ್ಟವೊಂದು ಈಗ ತಿಳಿದವರ ದನಿ. ಒಬ್ಬ ಮುದುಕಿ ನೆಲದಲ್ಲಿ ಕೂತು ಸೊಂಟಕ್ಕೆ ಮಗ್ಗ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ಚರ್ಚಿನ ರೇಡಿಯೇಟರಿಗೆ ಬಿಗಿದು ನೇಯುತ್ತಿದ್ದಳು. ಅವಳು ಹಿಂದಕ್ಕೆ ಬಾಗಿದಾಗಲೆಲ್ಲ ರೇಡಿಯೇಟರು ಕಿರ್ ಎನ್ನುತ್ತಿತ್ತು, ಚರ್ಚಿನ ಉಸ್ತುವಾರಿಯವನು ಅದರ ಪಕ್ಕದಲ್ಲೇ ನಿಂತಿದ್ದ.

ಇಲೋಕೋಸಿನ ಮೇಜು ಮೂಲೆಯಲ್ಲಿತ್ತು. ಟವೆಲುಗಳು, ಹೊದಿಕೆಗಳು ಎರಡೂ ಬದಿಗೆ. ಅವೆಲ್ಲ ಬೇರೆ ನರ್ಸುಗಳ ಮನೆಯವು. ನಡುವೆ ಕಪ್ಪು ಬಟ್ಟೆ ಹೊದಿಸಿದ ಒಂದು ಹಲಗೆ, ಅದರ ಮೇಲ್ಗಡೆ ಒಂದು ಫೋಟೋ. ಮಗ್ಗದ ಹಿಂದೆ ಕೂತ ಹೆಂಗಸು, ಮುಖ ಅರ್ಧ ನೂಲಿನ ಹಿಂದೆ. ಫೋಟೋದ ಕೆಳಗೆ ಹಲಗೆ ಖಾಲಿ. ಪಕ್ಕದ ಮನೆಯವಳು ಪಿನ್ನುಗಳನ್ನು ಮೊದಲೇ ಚುಚ್ಚಿಟ್ಟಿದ್ದಳು.

“ಬಟ್ಟೆ ತಂದೆಯಾ?” ಎಂದಳು.

“ಬರುತ್ತಿದೆ,” ಎಂದೆ. ಅವಳು ಚಹಾ ತರಲು ಹೋದಳು. ನಾವು ಆ ಖಾಲಿ ಹಲಗೆಯ ಎದುರು ನಿಂತುಕೊಂಡೆವು. ಯಾರೋ ವೇದಿಕೆಯ ಮೇಲೆ ಕರೋಕೆ ಹಾಡಲು ಶುರುಮಾಡಿದ್ದರು.

ಲೀಡ್ಸಿನ ಹುಡುಗಿ ಬಂದಳು. ಸಣಕಲು ಮೈ, ದೊಡ್ಡ ಕಣ್ಣು, ಕಾಲಿನವರೆಗೂ ಬರುವ ಗಂಡನ ಕೋಟು. ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದಳು. ಕೈಯಲ್ಲಿ ಒಂದು ಚಿಕ್ಕ ಪರ್ಸ್ ಬಿಟ್ಟರೆ ಏನೂ ಇರಲಿಲ್ಲ. “ಬಟ್ಟೆ?” ಎಂದೆ. ಅವಳು ನಕ್ಕು ಕೋಟು ಬಿಚ್ಚಿದಳು.

ಸಾಸಿವೆ ಬಣ್ಣದ ಸೀರೆ. ಅದರ ಮೇಲೆ, ಮೊಣಕೈವರೆಗೆ ತೋಳಿಟ್ಟು, ಕೊರಳಿಗೆ ಪೈಪಿಂಗ್ ಕೊಟ್ಟು ಹೊಲಿದ ಕುಪ್ಪಸ. ಕೆಂಪು ಬಿಳಿ ಚೌಕಗಳು. ತಿರುಗಿ ಬೆನ್ನು ತೋರಿಸಿದಳು. ಸುಂಟರಗಾಳಿಯ ಕಣ್ಣು ಸರಿಯಾಗಿ ಬೆನ್ನಿನ ನಡುವೆ ಕೂತಿತ್ತು. “ಸೆಂಟರ್ ಮಾಡೋಕೆ ಎರಡು ದಿನ ತಗೊಂಡೆ ಅಕ್ಕಾ,” ಎಂದಳು. ಲೀಡ್ಸ್‌ನಲ್ಲಿ ಅವಳಿಗೆ ಕೆಲಸವಿರಲಿಲ್ಲ, ಗೆಳತಿಯರಿರಲಿಲ್ಲ, ಒಂದು ಹೊಲಿಗೆ ಯಂತ್ರವಿತ್ತು. ಖಣದ ಕಾನೂನನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಯಾರೂ ಯಾರಿಗೂ ಹೇಳುವುದಿಲ್ಲವಲ್ಲ.

“ಹೊಲದಬಿಟ್ಟಾಳ!” ಅಂದರು ಅತ್ತೆ. ಅರವತ್ತೈದು ವರ್ಷದಲ್ಲಿ ಕೇಳರಿಯದ ಸುದ್ದಿ.

ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಅಷ್ಟರಲ್ಲಿ ಪಕ್ಕದ ಮನೆಯವಳು ಚಹಾ ಹಿಡಿದು ಹಿಂದಿನಿಂದ ಬಂದಳು, ಮೊದಲು ಕಂಡದ್ದೇ ಆ ಬೆನ್ನು. ಕಪ್ಪುಗಳನ್ನು ಮೇಜಿನ ಮೇಲಿಟ್ಟಳು. ಹತ್ತಿರ ಬಂದು ತೋಳಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದಳು, ವಾರ್ಡಿನಲ್ಲಿ ನಾಡಿ ಹಿಡಿಯುವ ಹಾಗೆ. ಹಿಡಿದುಕೊಂಡೇ ಇದ್ದಳು.

ನಾನು ಎಲ್ಲವನ್ನೂ ಇಂಗ್ಲಿಷಿನಲ್ಲಿ ವಿವರಿಸಿದೆ. ಉಡಿ ಎಂದರೇನು, ಖಣ ಯಾಕೆ ಕೊಡುತ್ತಾರೆ, ಕೊಟ್ಟದ್ದನ್ನು ಯಾಕೆ ಇಟ್ಟುಕೊಳ್ಳುವುದಿಲ್ಲ, ಲೆಮಿಂಗ್ಟನ್ನಿಗೆ ಹೇಗೆ ಹೋಯಿತು, ಬರ್ಮಿಂಗ್‌ಹ್ಯಾಮಿಗೆ ಹೇಗೆ ಹೋಯಿತು. ಕನ್ನಡದಲ್ಲಿ ಇದೆಲ್ಲ ಸಂಪ್ರದಾಯ. ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಂತೆ ನಾವೆಲ್ಲ ಸೇರಿ ಒಬ್ಬಳ ಅಮ್ಮನನ್ನು ಕೈಯಿಂದ ಕೈಗೆ ದಾಟಿಸಿದಂತೆ ಕೇಳಿಸಿತು. ಅವಳು ಪರವಾಗಿಲ್ಲ ಎನ್ನುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಈ ದೇಶದಲ್ಲಿ ಕಾಲು ತುಳಿಸಿಕೊಂಡವರೂ ಸಾರಿ ಎನ್ನುತ್ತಾರೆ. ಅವಳು ಅನ್ನಲಿಲ್ಲ.

ಈಗ ವಿಷಯ ತಿಳಿದ ಹುಡುಗಿ ಅಳಲು ಶುರುಮಾಡಿದಳು. ಈಗಲೇ ಹೊಲಿಗೆ ಬಿಚ್ಚಿ ಕೊಡುತ್ತೇನೆ, ಕತ್ತರಿ ಕೊಡಿ ಎಂದಳು. ಪಕ್ಕದ ಮನೆಯವಳು ಅವಳ ಮುಖ ನೋಡಿದಳು. “ಇದನ್ನು ಮೈಗೆ ಹಾಕಿಕೊಂಡದ್ದು ಇವಳೊಬ್ಬಳೇನಾ?” ಎಂದು ನನ್ನನ್ನು ಕೇಳಿದಳು. ಹೌದು ಎಂದೆ. ಅವಳು ಹೋಗಿ ಒಂದು ಸ್ಟೂಲ್ ತಂದು, ಖಾಲಿ ಹಲಗೆಯ ಎದುರಿಗೆ ಇಟ್ಟು, ಹುಡುಗಿಯನ್ನು ಅದರ ಮೇಲೆ ಕೂರಿಸಿದಳು. ಮುಖ ಹಲಗೆಯ ಕಡೆಗೆ, ಬೆನ್ನು ಜನರ ಕಡೆಗೆ.

ಹೀಗೆ ದಾವಣಗೆರೆಯ ಒಂದು ಹೆಣ್ಣುಮಗಳು ಮ್ಯಾಂಚೆಸ್ಟರಿನಲ್ಲಿ ಮಧ್ಯಾಹ್ನವಿಡೀ ಫಿಲಿಪ್ಪೀನ್ಸಿನ ಕೈಮಗ್ಗದ ಮಾದರಿಯಾಗಿ ಕೂತಳು. ಬೇರೆ ಎಲ್ಲ ಮೇಜಿಗಿಂತ ಅಲ್ಲಿಯೇ ಜನ ಹೆಚ್ಚು. ಒಬ್ಬ ಇಂಗ್ಲಿಷ್ ಮುದುಕ ಬಹಳ ಹೊತ್ತು ದಿಟ್ಟಿಸಿ ನೋಡಿ, ತಲೆ ತಿರುಗುತ್ತಿದೆ ಎಂದು ಕುರ್ಚಿ ಕೇಳಿದ. ಅದಕ್ಕೇ ಇರುವುದು ಎಂದು ನಾನು ಹೇಳಲಿಲ್ಲ. ಇನ್ನೊಬ್ಬಳು ಬೆಲೆ ಕೇಳಿದಳು. “ಮಾರಲಿಕ್ಕಲ್ಲ,” ಎಂದಳು ಪಕ್ಕದ ಮನೆಯವಳು. ಅತ್ತೆ ಹಲಗೆಯ ಹಿಂದೆ ನುಸುಳಿ, ಮನೆಯಿಂದ ತಂದ ಚಪಾತಿ ಪಲ್ಯವನ್ನು ಹುಡುಗಿಗೆ ಎದುರಿನಿಂದ ತಿನ್ನಿಸಿದರು. ಹುಡುಗಿ ಅಳುತ್ತಾ ತಿಂದಳು. ಬೆನ್ನು ಮಾತ್ರ ಅಲುಗದಂತೆ ನೆಟ್ಟಗೆ ಇಟ್ಟುಕೊಂಡಿದ್ದಳು, ಅಷ್ಟು ಶ್ರದ್ಧೆ. ಪಕ್ಕದ ಮನೆಯವಳು ಬಂದವರಿಗೆ ದಾರ, ಬಣ್ಣ, ಮಗ್ಗ ಎಲ್ಲವನ್ನೂ ಹೇಳುತ್ತಿದ್ದಳು, ಒಮ್ಮೆಯೂ ನಗಲಿಲ್ಲ. ನನ್ನ ಜೊತೆ ಮಾತಾಡಲಿಲ್ಲ. ನಾನು ಒಂದು ಬುಟ್ಟಿ ಕೊಂಡೆ, ಆಮೇಲೆ ಇನ್ನೊಂದು ಕೊಂಡೆ. ಅವಳು ಇನ್ನು ನಮ್ಮ ಮನೆಯ ಬಾಗಿಲು ತಟ್ಟುವುದಿಲ್ಲ ಎಂಬ ಭಯ ನನಗೆ ಶುರುವಾಗಿತ್ತು, ಬುಟ್ಟಿಯಿಂದ ಅದು ಕಡಿಮೆಯಾಗಲಿಲ್ಲ.

ನಾಲ್ಕು ಗಂಟೆಗೆ ಕತ್ತಲಾಯಿತು, ಮೇಜುಗಳನ್ನು ಮಡಚತೊಡಗಿದರು. ಹುಡುಗಿ ಟಾಯ್ಲೆಟ್ಟಿಗೆ ಹೋಗಿ ಕುಪ್ಪಸ ಬಿಚ್ಚಿ, ಅತ್ತೆಯ ಸ್ವೆಟರ್ ಹಾಕಿಕೊಂಡು ಬಂದಳು. ಕುಪ್ಪಸವನ್ನು ಮಡಚಿ, ಎರಡೂ ಕೈಯಲ್ಲಿ ಹಿಡಿದು ಪಕ್ಕದ ಮನೆಯವಳಿಗೆ ಕೊಟ್ಟಳು. ಅವಳು ತೆಗೆದುಕೊಂಡಳು. ಥ್ಯಾಂಕ್ಸ್ ಎನ್ನದೆ ಹುಡುಗಿಯ ಕೆನ್ನೆಯನ್ನು ಒಮ್ಮೆ ಮುಟ್ಟಿ, ತಾನೂ ಟಾಯ್ಲೆಟ್ಟಿನ ಕಡೆ ಹೋದಳು. ಬರುವಾಗ ಕೋಟಿನ ಗುಂಡಿಗಳನ್ನು ಕೊರಳವರೆಗೂ ಹಾಕಿಕೊಂಡಿದ್ದಳು.

ಹುಡುಗಿಯನ್ನು ಸ್ಟೇಷನ್ನಿಗೆ ಬಿಟ್ಟೆವು. ನನ್ನ ಗಂಡ ಕಾರು ಓಡಿಸುತ್ತಿದ್ದ, ನಾನು ಅವನ ಪಕ್ಕ, ಹಿಂದೆ ಅತ್ತೆ ಮತ್ತು ಪಕ್ಕದ ಮನೆಯವಳು, ನಡುವೆ ನಿದ್ದೆಹೋದ ಮಗು. ಮೋಟರ್‌ವೇ ತುಂಬಾ ಲಾರಿ. ಹೀಟರಿನ ಸೆಕೆಗೆ ಅವಳು ಕೋಟು ಬಿಚ್ಚಿದಳು. ಒಳಗೆ ಆ ಕುಪ್ಪಸ ಹಾಕಿಕೊಂಡಿದ್ದಳು. ಹುಡುಗಿಯ ಅಳತೆಗೆ ಹೊಲಿದದ್ದು. ಇವಳಿಗೆ ಕಂಕುಳಲ್ಲಿ ಕಚ್ಚಿಕೊಂಡಿತ್ತು, ಮೇಲಿನ ಎರಡು ಹುಕ್ಕು ಕೂಡಿರಲಿಲ್ಲ.

ಅತ್ತೆ ಸುಮ್ಮನಿರುವವರಲ್ಲ. ಮಗುವಿನ ಮೇಲಿಂದ ಕೈ ಚಾಚಿ ಪಕ್ಕದ ಹೊಲಿಗೆಯನ್ನು ಮಗುಚಿ ನೋಡಿದರು. “ಶಾಣ್ಯಾಕಿ ಅದಾಳ ಹುಡುಗಿ, ಒಳಗ ಎರಡು ಬಟ್ಟು ಅರಿವಿ ಬಿಟ್ಟಾಳ. ಮನಿಗೆ ಹೋಗಿ ಬಿಚ್ಚಿ ಸಡ್ಲ ಮಾಡಿ ಕೊಡ್ತೀನಿ ಅಂತ ಹೇಳು. ಅಲ್ಲೀತನಕ ಉಸಿರು ಹೆಂಗ ಆಡ್ತಾಳವಾ ಇಕಿ?”

ನಾನು ಹಿಂದೆ ತಿರುಗಿ ಹಾಗೇ ಹೇಳಿದೆ.

“ಬೇಡ,” ಎಂದಳು. “ನಾನು ಬರುವ ದಿನ ಏರ್‌ಪೋರ್ಟಿನಲ್ಲಿ ಕ್ಯೂ ಮುಂದೆ ಹೋಗುತ್ತಿತ್ತು. ಅಮ್ಮನನ್ನು ಸರಿಯಾಗಿ ತಬ್ಬಿಕೊಳ್ಳಲೇ ಇಲ್ಲ. ಇದು ಬಿಗಿಯಾಗಿಯೇ ಇರಲಿ.”

“ಏನಂದ್ಲು?” ಎಂದರು ಅತ್ತೆ.

ಕನ್ನಡ ನನಗೆ ಚೆನ್ನಾಗಿಯೇ ಬರುತ್ತದೆ. ಆದರೆ ಅತ್ತೆಗೆ ಹೇಳಿದ್ದು ಒಂದೇ ಮಾತು.

“ಬೇಡವಂತೆ ಅತ್ತೆ,” ಎಂದೆ.